ಎರಡೂವರೆ ಕುದುರೆಯ ಮೌನ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ದಿನವಿಡೀ ಊರಿನವರ ಪ್ರಶ್ನೆಗಳಿಗೆ ಉತ್ತರ ಕೊಡುವ ಮನುಷ್ಯ ತಾನೇ ಒಂದು ಪ್ರಶ್ನೆ ಕೇಳಬಾರದಿತ್ತು. ಕೇಳಲೇಬೇಕಿದ್ದರೆ ಮನಸ್ಸಿನಲ್ಲಿ ಕೇಳಿಕೊಳ್ಳಬೇಕಿತ್ತು. ಅವನು ರಜೆಯ ದಿನ ಬೆಳಿಗ್ಗೆ ಮನೆಯಂಗಳದಲ್ಲಿ ನಿಂತು, ಗೇಟು ತೆರೆದಿರುವಾಗ, ಗಂಟಲು ಬಿಟ್ಟು ಕೇಳಿದ.

"ಅಲ್ಲಾ, ಈ ದೋಣಿಗೆ ಎಷ್ಟು ದೊಡ್ಡ ಮೋಟಾರು ಹಾಕ್ಬೇಕು?"

ಕೇಳದೇ ಇದ್ದಾಗಲೂ ಸಲಹೆ ಕೊಡುವ ಬೀದಿ ಅದು. ಕೇಳಿದ ಮೇಲೆ ಬಿಡುತ್ತದೆಯೇ?

ದೋಣಿ ಅಂದರೆ ಅಂಥ ದೊಡ್ಡದೇನಲ್ಲ. ಅಲ್ಯೂಮಿನಿಯಂ ತಗಡಿನದು, ಮೂರು ಹಲಗೆಯ ಸೀಟು, ಎರಡು ಪಕ್ಕದಲ್ಲೂ ನೆಗ್ಗು. ಮೀನು ಹಿಡಿಯುವವನೊಬ್ಬ ಇಟ್ಟುಕೊಂಡು ಸಾಕಾಗಿ ಮಾರಿದ್ದು. ದೂರದಿಂದ ನೋಡಿದರೆ ಯಾವುದೋ ರಾಕ್ಷಸರ ಮನೆಯಲ್ಲಿ ಊಟ ಮಾಡಿ ತೊಳೆಯದೆ ಇಟ್ಟ ಪಾತ್ರೆಯ ಹಾಗಿತ್ತು.

ಅವನಿಗೆ ಬೇಕಾಗಿದ್ದು ಮೀನಲ್ಲ, ಮೌನ. ಬೀದಿಯಲ್ಲಿ ಎಲ್ಲರೂ ಅವನನ್ನು 'ವಿಚಾರಣೆ' ಅಂತಲೇ ಕರೆಯುತ್ತಿದ್ದರು. ಎರಡನೇ ಪ್ಲಾಟ್‌ಫಾರಂ ಬೋರ್ಡಿನ ಕೆಳಗೇ ನಿಂತು "ಎರಡನೇ ಪ್ಲಾಟ್‌ಫಾರಂ ಎಲ್ಲಿ?" ಅಂತ ಕೇಳುವವರು, ಬಸ್ಸು ಹೋದದ್ದನ್ನು ಕಣ್ಣಾರೆ ನೋಡಿ "ಬಸ್ಸು ಹೋಯ್ತಾ?" ಅನ್ನುವವರು, ಹೋಯಿತು ಅಂದರೆ "ಯಾಕೆ ಹೋಯ್ತು?" ಅಂತ ಜಗಳಕ್ಕೆ ಬರುವವರು! ಇವರನ್ನೆಲ್ಲ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿಯ ಅಪ್ಪ ಕೂತಿರುತ್ತಿದ್ದರು. ಲಾರಿ ತೂಗುವ ಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ನಿವೃತ್ತಿ ಕೈಕಾಲಿಗೆ ಸಿಕ್ಕಿತ್ತು, ಬಾಯಿಗೆ ಸಿಕ್ಕಿರಲಿಲ್ಲ. ಬೀದಿಗೆಲ್ಲ ಅವರು ತೂಕದ ಮಾವ.

ಬೀದಿಯ ಕೊನೆಗೆ ಕೆರೆ. ಕೆರೆಯ ನಡುವೆ ಯಾರೂ ಇಲ್ಲ. ಅಲ್ಲಿ ವಾರಕ್ಕೊಂದು ಗಂಟೆ, ಒಂದೇ ಒಂದು ಗಂಟೆ, ಯಾರೂ ಏನೂ ಕೇಳದ ಹಾಗೆ ಕೂತು ಬರಬೇಕು. ಆ ಆಸೆಗೇ ದೋಣಿ ಬಂದದ್ದು. ಬಂದು ಅಂಗಳದಲ್ಲಿ ಬಿದ್ದು ಬಟ್ಟೆ ಒಣಹಾಕಲೂ ಜಾಗವಿಲ್ಲದ ಹಾಗಾದಾಗ ಹೆಂಡತಿ ತೀರ್ಪು ಕೊಟ್ಟಿದ್ದಳು:

"ನೋಡ್ರೀ, ಇವತ್ತು ಇದು ನೀರಿಗಿಳೀಬೇಕು. ಇಲ್ಲಾಂದ್ರೆ ನಾಳೆ ಪಾತ್ರೆಯವನು ಬರ್ತಾನೆ. ಹಳೇ ಅಲ್ಯೂಮಿನಿಯಂ ತಗೊಂಡು ಹೊಸ ಸ್ಟೀಲ್ ಪಾತ್ರೆ ಕೊಡ್ತಾನಂತೆ. ಈ ದೋಣಿಗೆ ಒಂದು ಅಡುಗೆಮನೆ ತುಂಬ ಬರುತ್ತೆ."

ಹಾಗಾಗಿ ಪ್ರಶ್ನೆ. ಪ್ರಶ್ನೆ ಗಾಳಿಯಲ್ಲಿರುವಾಗಲೇ ಎಡಮನೆಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದ. ಬಂದವನೇ ದೋಣಿಯ ಸೊಂಟ ಅಳೆದ.

"ಅಣ್ಣಾ, ಒಂದು ಮಾತು. ಮಕ್ಕಳಿಗೆ ಬಟ್ಟೆ ಹೊಲಿಸೋವಾಗ ಒಂದು ಸೈಜು ದೊಡ್ಡದೇ ಹೊಲಿಸ್ತಾರೆ. ಮೋಟಾರೂ ಹಾಗೇ. ದೊಡ್ಡದು ತಗೊಳ್ಳಿ."

"ದೋಣಿ ಬೆಳೆಯುತ್ತೇನಪ್ಪಾ?"

"ದೋಣಿ ಬೆಳೆಯಲ್ಲ, ಜನ ಬೆಳೀತಾರೆ. ನಾನೂ ಬರ್ತೀನಲ್ಲ!"

ಬಲಮನೆಯಿಂದ ಡ್ರೈವಿಂಗ್ ಕಲಿಸುವ ಮೇಷ್ಟ್ರು ಬಂದರು. ಯಾರ ಜೊತೆ ಮಾತಾಡಿದರೂ ಬಲಗಾಲಲ್ಲಿ ಬ್ರೇಕು ಒತ್ತುವ ಅಭ್ಯಾಸ ಅವರಿಗೆ. "ಪಿಕಪ್ ಮುಖ್ಯ ಕಣ್ರೀ, ಪಿಕಪ್ಪು! ಸಣ್ಣ ಮೋಟಾರು ಹಾಕಿದ್ರೆ ಮೀನುಗಳು ಓವರ್‌ಟೇಕ್ ಮಾಡ್ಕೊಂಡು ಹೋಗ್ತವೆ. ನಾನು ಕೂತ್ಕೊಂಡು ತೋರಿಸ್ಕೊಡ್ತೀನಿ, ಬನ್ನಿ."

ತೂಕದ ಮಾವ ಎದ್ದು ನಿಂತರು. ಅವರು ಯಾರನ್ನೂ ತಕ್ಕಡಿಗೆ ಹಾಕಬೇಕಾಗಿರಲಿಲ್ಲ, ಕಣ್ಣಲ್ಲೇ ತೂಗುತ್ತಿದ್ದರು. "ಎಲ್ಲಾ ತೂಕದ ಮೇಲೆ ನಿಂತಿದೆ ಅಳಿಯಂದ್ರೇ. ಮೇಷ್ಟ್ರು ಸಿಮೆಂಟು ಮೂಟೆ ಒಂದೂವರೆ. ನಾನೂ ಅಷ್ಟೇ. ದರ್ಜಿ ನೋಡೋಕೆ ಹತ್ತಿ, ತೂಗಿದ್ರೆ ಒದ್ದೆ ಹತ್ತಿ. ನೀವು..." ಅಳಿಯನನ್ನು ಮೇಲಿಂದ ಕೆಳಕ್ಕೆ ನೋಡಿದರು. "ನಿಮ್ಮನ್ನ ಖಾಲಿ ಚೀಲದ ತೂಕ ಅಂತ ಲೆಕ್ಕದಿಂದ ಕಳೆದುಬಿಡೋಣ."

"ಯಾರನ್ನ ಒದ್ದೆ ಹತ್ತಿ ಅಂದ್ರಿ?" ಅಂತ ದರ್ಜಿ ಟೇಪು ಎಳೆದುಕೊಂಡ.

ವಿಚಾರಣೆಗೆ ಒಂದು ವಿಷಯ ಮಾತ್ರ ವಿಚಿತ್ರವಾಗಿ ಕಂಡಿತು. ಮೋಟಾರು ಎಷ್ಟು ದೊಡ್ಡದು ಅಂತ ಕೇಳಿದರೆ ಎಲ್ಲರೂ ತಾವೆಲ್ಲಿ ಕೂರುವುದು ಅಂತ ಉತ್ತರ ಕೊಡುತ್ತಿದ್ದರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡದ್ದು ಅವನಿಗೆ ಅರ್ಥವಾಗುವಷ್ಟರಲ್ಲಿ ದೋಣಿ ತಳ್ಳುಗಾಡಿಯ ಮೇಲೇರಿ ಗೇಟು ದಾಟಿತ್ತು.

ಕೆರೆಯ ದಡದಲ್ಲೇ ಮೋಟಾರಿನ ಅಂಗಡಿ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರುಗಳು ಅಲ್ಲಿ ಮರದ ಅಡ್ಡಪಟ್ಟಿಗೆ ಸಾಲಾಗಿ ನೇತುಬಿದ್ದಿದ್ದವು. ಅಂಗಡಿಯವನು ಕೊಳ್ಳುವ ಮುಂಚೆ ಓಡಿಸಿ ನೋಡಲು ಕೊಡುತ್ತಿದ್ದ. ಕತ್ತಲಾಗುವ ಮುಂಚೆ ವಾಪಸು ತರಬೇಕು, ಅಷ್ಟೆ. ಅವನು ದೋಣಿಯ ಹಿಂಭಾಗ ಬಗ್ಗಿ ನೋಡಿದ.

"ಎಷ್ಟು ಜನ?"

ವಿಚಾರಣೆ ಗುಟ್ಟಾಗಿ ಒಂದು ಬೆರಳು ತೋರಿಸಿದ. ಹಿಂದಿನಿಂದ ಮೂರು ಗಂಟಲು ಒಟ್ಟಿಗೆ ಕೂಗಿದವು: "ನಾಲ್ಕು!"

"ಒಬ್ಬರಿಗಾದ್ರೆ ಎರಡೂವರೆ ಹೆಚ್.ಪಿ., ಅಂದ್ರೆ ಎರಡೂವರೆ ಕುದುರೆ ಶಕ್ತಿ ಸಾಕು. ನಾಲ್ಕು ಜನಕ್ಕೆ ಎಂಟು, ಹತ್ತು ಬೇಕು. ಇಲ್ಲಿ ತಗಡಿನ ಮೇಲೆ ಒತ್ತಿದ್ದಾರೆ ನೋಡಿ, ಹೆಚ್ಚೆಂದರೆ ಹತ್ತು."

"ಎರಡೂವರೆ ಕುದುರೆ ಅಂದ್ರೆ," ವಿಚಾರಣೆಗೆ ನಿಜವಾಗಲೂ ಕುತೂಹಲ ಹುಟ್ಟಿತು, "ಆ ಅರ್ಧ ಕುದುರೆ ಯಾವ ಅರ್ಧ? ಮುಂದಿನದೋ, ಹಿಂದಿನದೋ?"

"ನಿಮ್ಮ ಅದೃಷ್ಟ ಇದ್ದ ಹಾಗೆ," ಅಂದ ಅಂಗಡಿಯವನು.

"ಹತ್ತು ಅಂತ ಬರೆದಿದ್ದಾರಲ್ಲ, ಹತ್ತೇ ಕೊಡ್ರೀ! ನಮ್ಮ ಹಕ್ಕು ಯಾಕೆ ಬಿಡೋಣ?" ಅಂದರು ಮೇಷ್ಟ್ರು.

"ಸ್ವಾಮಿ, ಅದು ಮಿತಿ, ಹಕ್ಕಲ್ಲ. ದೋಣಿಗೆ ಅದರ ಮೇಲೆ ತಡೆಯಲ್ಲ ಅಂತ."

ಹೇಳಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹತ್ತು ಕುದುರೆಯ ಮೋಟಾರೇ ಬಂತು. ಅದನ್ನು ಇಬ್ಬರು ಹೊತ್ತು ತಂದು ಸಿಕ್ಕಿಸಿದಾಗ ದೋಣಿ ಹಿಂದಕ್ಕೆ ಕುಕ್ಕರಿಸಿ, ಮುಂದಿನ ಮೂತಿ ಎತ್ತಿ, "ನನ್ನೇನು ಮಾಡ್ತೀರಿ?" ಅಂತ ಕೇಳುವ ಹಾಗೆ ನೋಡಿತು. ತೇಲುವ ಜಾಕೆಟ್ಟು ಹಾಕಿಕೊಂಡು ಮಾವ ಮುಂದೆ, ದರ್ಜಿ ಮತ್ತು ಮೇಷ್ಟ್ರು ನಡುವೆ, ವಿಚಾರಣೆ ಹಿಂದೆ ಕೂತರು. ವಿಚಾರಣೆ ಮೋಟಾರು ಚಾಲೂ ಮಾಡುವ ಹಗ್ಗ ಎಳೆದ. ಮೋಟಾರು ಕಲ್ಲು ಕುಟ್ಟುವ ಯಂತ್ರದ ಹಾಗೆ ಆರ್ಭಟಿಸಿತು.

ದೋಣಿ ಹೊರಟಿತು. ಮಾವ ಹಿಂದಕ್ಕೆ ಮುಖ ಮಾಡಿ ಕೂತು ಏನೋ ಹೇಳುತ್ತಿದ್ದರು. ಕೈ ಆಡುತ್ತಿತ್ತು, ಹುಬ್ಬು ಕುಣಿಯುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಇದೊಂದು ತಮಾಷೆಯಾಗಿದೆಯಲ್ಲ ಅಂತ ವಿಚಾರಣೆ ಅಂದುಕೊಂಡ. ಅದರ ಬಗ್ಗೆ ಇನ್ನೊಂದಿಷ್ಟು ಯೋಚಿಸಿದ್ದರೆ ಉದ್ಧಾರವಾಗುತ್ತಿದ್ದ. ಆದರೆ ಅಷ್ಟರಲ್ಲಿ ಮೇಷ್ಟ್ರಿಗೆ ಗೇರು ಎಲ್ಲಿದೆ ನೋಡಬೇಕು ಅನ್ನಿಸಿತು. ಅವರು ಎದ್ದು ಹಿಂದಕ್ಕೆ ಬಂದರು. ಮೇಷ್ಟ್ರು ನೋಡುವುದನ್ನು ತಾನು ನೋಡದಿದ್ದರೆ ನಷ್ಟ ಅಂತ ದರ್ಜಿಯೂ ಬಂದ. ಎಲ್ಲ ಭಾರ ಒಂದೇ ಕಡೆ ಸೇರಿತು. ಕೆರೆಯ ನೀರಿಗೂ ಕುತೂಹಲವಾಗಿರಬೇಕು, ಅದೂ ಹಿಂಬದಿಯಿಂದ ಒಳಗೆ ಇಣುಕಿ ನೋಡಿತು. ಇಣುಕಿದ್ದು ಹೊರಗೆ ಹೋಗಲಿಲ್ಲ.

ಪುಣ್ಯಕ್ಕೆ ಅಲ್ಲಿ ಸೊಂಟದಷ್ಟೇ ನೀರು. ಮೇಷ್ಟ್ರು ಇಲ್ಲದ ಬ್ರೇಕನ್ನು ಒತ್ತುತ್ತ ಒತ್ತುತ್ತಲೇ ಕೆಸರಿಗಿಳಿದರು. ದಡದಲ್ಲಿ ನಿಂತು ನೀರು ಸುರಿಸುತ್ತಿದ್ದ ದರ್ಜಿಯನ್ನು ಮಾವ ತಲೆಯಿಂದ ಕಾಲವರೆಗೆ ನೋಡಿದರು.

"ನಾನು ಹೇಳಲಿಲ್ವಾ? ಒದ್ದೆ ಹತ್ತಿ."

"ನಿಮ್ಮ ದೋಣಿನೂ ಬೇಡ, ನಿಮ್ಮ ತೂಕಾನೂ ಬೇಡ!" ಅಂತ ದರ್ಜಿ ಹೊರಟೇಬಿಟ್ಟ. ಮೇಷ್ಟ್ರೂ ಚಪ್ಪಲಿ ಕೈಯಲ್ಲಿ ಹಿಡಿದು ಅವನ ಹಿಂದೆ ಹೊರಟರು. "ದೋಣಿಗೆ ಚಕ್ರಾನೇ ಇಲ್ವಲ್ರೀ, ಅದನ್ನ ನಂಬೋದು ಹೇಗೆ?" ಅಂತ ಗೊಣಗಿದ್ದು ತುಂಬ ದೂರದವರೆಗೆ ಕೇಳಿಸಿತು.

ವಿಚಾರಣೆಯ ಎದೆ ಹಗುರಾಯಿತು. ಇಬ್ಬರು ತಾವಾಗಿಯೇ ಉದುರಿದ್ದರು. ದೋಣಿಯ ನೀರು ಮೊಗೆದು ಚೆಲ್ಲಿದ. ಅಂಗಡಿಯವನು ಮೋಟಾರನ್ನು ನೋಡಿ ಏನೂ ಆಗಿಲ್ಲ ಅಂದ. ಮಾವ ಪಂಚೆ ಹಿಂಡುತ್ತ ಆ ಕಡೆ ತಿರುಗಿದ್ದೇ ತಡ, ವಿಚಾರಣೆ ಒಬ್ಬನೇ ದೋಣಿ ಹತ್ತಿ ಹಗ್ಗ ಎಳೆದ.

ಚೀಲದ ತೂಕದ ಮನುಷ್ಯ, ಹಿಂದೆ ಹತ್ತು ಕುದುರೆ, ಮುಂದೆ ಖಾಲಿ. ದೋಣಿಯ ಮೂತಿ ಆಕಾಶಕ್ಕೆ ಎದ್ದುಬಿಟ್ಟಿತು. ಅವನಿಗೆ ಎದುರಿಗೆ ಕಂಡದ್ದು ಕೆರೆಯಲ್ಲ, ಅಲ್ಯೂಮಿನಿಯಂ ಗೋಡೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಯಿತು, ಬಲಕ್ಕೆ ತಿರುಗಿಸಿದರೆ ಗಾಣದೆತ್ತಿನಂತೆ ಸುತ್ತು ಹಾಕಿತು. ಕೊನೆಗೆ ಜೊಂಡಿನೊಳಗೆ ನುಗ್ಗಿ, ಹುಲ್ಲು ಕಂಡ ಕುದುರೆಯ ಹಾಗೆ ಅಲ್ಲೇ ನಿಂತಿತು.

ಎಳೆದು ತಂದು ದಡಕ್ಕೆ ಹಾಕುವ ಹೊತ್ತಿಗೆ ಹೆಂಡತಿಯೂ ಬಂದು ನಿಂತಿದ್ದಳು. ಹಗ್ಗದ ಮೇಲಿನ ಬಟ್ಟೆಯ ಹಾಗೆ ತೊಟ್ಟಿಕ್ಕುತ್ತಿದ್ದ ಗಂಡನನ್ನು ನೋಡಿ ಅವಳು ನಗಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾದದ್ದು.

"ಯಾಕಪ್ಪಾ ಮೂತಿ ಮೇಲೇಳುತ್ತೆ?" ಅಂತ ಅವನು ಅಂಗಡಿಯವನನ್ನು ಕೇಳಿದ.

"ಹಿಂದೆ ಭಾರ, ಮುಂದೆ ಏನಿಲ್ಲ. ಒಂದೋ ಮೋಟಾರು ಸಣ್ಣದು ಮಾಡಿ, ಇಲ್ಲಾ ಮುಂದೆ ಒಂದು ಭಾರ ಇಡಿ. ಎರಡೂ ಮಾಡಿದ್ರೆ ಇನ್ನೂ ಒಳ್ಳೇದು."

ಗಂಡ ಮೊದಲ ಅರ್ಧ ಹಿಡಿದುಕೊಂಡ. "ಎರಡೂವರೆಯದು ಕೊಡಿ. ಸದ್ದು ಹೇಗೆ ಅದು?"

"ಸದ್ದಾ? ಬೆಕ್ಕು ಗುರುಗುಟ್ಟಿದ ಹಾಗೆ. ಇದೆಯೋ ಇಲ್ವೋ ಗೊತ್ತಾಗಲ್ಲ."

"ಹಾಗಿದ್ರೆ ಅದೇ! ಅದೇ ನನ್ನ ಮೋಟಾರು!"

ಹೆಂಡತಿ ಎರಡನೇ ಅರ್ಧ ಹಿಡಿದುಕೊಂಡಳು. "ಮುಂದೆ ಭಾರ ಬೇಕು ಅಂದ್ರಲ್ಲ. ಅಪ್ಪಾ, ಬನ್ನಿ, ಹತ್ತಿ."

"ಏ, ಏ, ಅವರ್ಯಾಕೆ ತೊಂದ್ರೆ ತಗೋಬೇಕು? ಒಂದು ಮರಳಿನ ಮೂಟೆ ಇಟ್ರೆ ಸಾಕಲ್ವೇ?"

"ಮೂಟೆ ಹೊತ್ಕೊಂಡು ಬರೋರ್ಯಾರು? ಅಪ್ಪ ಆದ್ರೆ ತಾವೇ ನಡ್ಕೊಂಡು ಬಂದು ಕೂತ್ಕೋತಾರೆ."

ಮಾವ ಆಗಲೇ ಕೂತಿದ್ದರು. ದೋಣಿಯನ್ನು ನೀರಿಗೆ ತಳ್ಳಿದರು. ಸಣ್ಣ ಮೋಟಾರು, ಹಿಂದೆ ಚೀಲದ ತೂಕ, ಮುಂದೆ ಒಂದೂವರೆ ಮೂಟೆ ಸಿಮೆಂಟು. ದೋಣಿ ಅಳೆದಿಟ್ಟ ಹಾಗೆ ಸಮವಾಗಿ ನಿಂತಿತು. ಇಡೀ ದಿನದಲ್ಲಿ ಸರಿಯಾದದ್ದು ಅದೊಂದೇ, ಅದೂ ಹೀಗೆ ಆಗಬೇಕೇ! ಇರಲಿ, ಮಾವ ಸುಸ್ತಾಗಿದ್ದಾರೆ, ತೂಕಡಿಸಿಯಾರು ಅಂತ ಅವನು ಸಮಾಧಾನ ಮಾಡಿಕೊಂಡು ಹೊರಟ.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಮೋಟಾರು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ದಡ ಹಿಂದಾಯಿತು, ಬೀದಿಯ ಗದ್ದಲ ಕರಗಿತು. ಕೆರೆಯ ನಡುವೆ ನೀರು ಕನ್ನಡಿಯ ಹಾಗೆ ಮಲಗಿತ್ತು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ.

"ಅಳಿಯಂದ್ರೇ, ಒಂದು ಸಲ ಹತ್ತಿ ಲಾರಿ ಬಂದಿತ್ತು. ತೂಗಿದ್ರೆ ಕಬ್ಬಿಣದ ತೂಕ! ಯಾಕೆ ಹೇಳಿ?"

ಅವನು ಕಣ್ಣು ಬಿಟ್ಟ. ಮಾವ ನೇರ ಅವನ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು. ಬೇರೆಲ್ಲೂ ನೋಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ನೀರಿನ ಮೇಲೆ ಒಂದೊಂದು ಮಾತೂ ಎಣ್ಣೆ ಸವರಿದ ಹಾಗೆ ಜಾರಿಕೊಂಡು ಬಂದು ಕಿವಿಗೆ ಇಳಿಯುತ್ತಿತ್ತು.

"ಗೊತ್ತಿಲ್ಲ ಮಾವಾ."

"ಯೋಚನೆ ಮಾಡಿ ಹೇಳಿ. ಆತುರ ಏನಿಲ್ಲ, ಮೋಟಾರು ನಿಧಾನವಾಗೇ ಹೋಗ್ತಿದೆ."

ಆಗ ಹೊಳೆಯಿತು ಅವನಿಗೆ. ಹತ್ತು ಕುದುರೆಯ ಆ ಆರ್ಭಟ! ಅಲ್ಲಾಡುತ್ತಿದ್ದ ತುಟಿ, ಕೇಳಿಸದ ಮಾತು! ಮೌನ ಬೇಕಾದವನು ಕೊಳ್ಳಬೇಕಾಗಿದ್ದು ಲೋಕದಲ್ಲೇ ಅತಿ ಗದ್ದಲದ ಮೋಟಾರನ್ನು. ಕೈಗೆ ಬಂದದ್ದನ್ನು ತಾನೇ ಹೊತ್ತು ವಾಪಸು ಕೊಟ್ಟು ಬಂದಿದ್ದ. ಸದ್ದು ಹೆಚ್ಚಲಿ ಅಂತ ಮೋಟಾರಿನ ಹಿಡಿಯನ್ನು ಪೂರ್ತಿ ತಿರುಚಿದ. ಬೆಕ್ಕು ಸ್ವಲ್ಪ ಪ್ರೀತಿಯಿಂದ ಗುರುಗುಟ್ಟಿತು, ಅಷ್ಟೇ.

ಹತ್ತಿ ಲಾರಿ ಮುಗಿಯಿತು. ಉಪ್ಪಿನ ಲಾರಿ ಬಂತು. ಮಳೆಯಲ್ಲಿ ನೆನೆದ ಕಾಗದದ ಲಾರಿ ಬಂತು. ನಡುನಡುವೆ ಪ್ರಶ್ನೆಗಳು, ಎಲ್ಲಕ್ಕೂ ಉತ್ತರ ಬೇಕು. ದಡಕ್ಕೆ ಮರಳುವ ಹೊತ್ತಿಗೆ ಅವನಿಗೆ ಬಸ್ ನಿಲ್ದಾಣದ ಕಿಟಕಿ ನೆನಪಾಗಿ ಕಣ್ಣು ತುಂಬಿತು. ಅಲ್ಲಿ ಕನಿಷ್ಠ ನಡುವೆ ಒಂದು ಗಾಜಾದರೂ ಇತ್ತು.

ಮನೆಗೆ ಬಂದರೆ ಹೆಂಡತಿ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಖದಲ್ಲಿ ಒಂದು ಬೆಳಕು, ಮದುವೆಯಾದ ಹೊಸದರಲ್ಲೂ ಅವನು ಅದನ್ನು ನೋಡಿರಲಿಲ್ಲ.

"ಏನ್ ಹೇಳ್ಲಿ ರೀ! ಮನೆ ಎಷ್ಟು ನಿಶ್ಶಬ್ದವಾಗಿತ್ತು ಗೊತ್ತಾ? ಗೋಡೆ ಗಡಿಯಾರದ ಟಿಕ್‌ಟಿಕ್ ಇವತ್ತೇ ನಾನು ಮೊದಲು ಕೇಳಿದ್ದು. ಆ ಸಣ್ಣ ಮೋಟಾರು ನಿಧಾನ ಅಲ್ವಾ, ಅದೇ ಒಳ್ಳೇದು. ಹೋಗಿ ಬರೋಕೆ ಹೊತ್ತು ಹಿಡಿಯುತ್ತೆ. ವಾರಕ್ಕೊಂದು ಸಲ ಸಾಲದು, ದಿನಾ ಸಂಜೆ ಕೆಲಸದಿಂದ ಬಂದ ತಕ್ಷಣ ಕರ್ಕೊಂಡು ಹೋಗಿ."

"ಆಗ್ಲಿ ಬಿಡಮ್ಮಾ, ಅಳಿಯಂದ್ರಿಗೋಸ್ಕರ ಬರ್ತೀನಿ," ಅಂದರು ಮಾವ. "ಇನ್ನೂ ಇಟ್ಟಿಗೆ ಲಾರಿ ಕಥೆ ಶುರುನೇ ಮಾಡಿಲ್ಲ."

ವಿಚಾರಣೆ ಮೆಟ್ಟಿಲ ಮೇಲೆ ಕುಸಿದು ಕೂತ. ತನ್ನ ಕಿಟಕಿಯ ಮುಂದೆ ಬಂದು ನಿಲ್ಲುವ, ಬಸ್ಸು ತಪ್ಪಿದ ಜನರ ಅದೇ ದೈನ್ಯದ ದನಿಯಲ್ಲಿ ಕೇಳಿದ:

"ಅಲ್ಲಾ ಕಣೇ... ಆ ಪಾತ್ರೆಯವನು ನಾಳೆ ಎಷ್ಟು ಹೊತ್ತಿಗೆ ಬರ್ತಾನೆ?"

"ಅವನಾ?" ಹೆಂಡತಿ ಗಡಿಯಾರದ ಕಡೆ ಕಿವಿಯಿಟ್ಟುಕೊಂಡೇ ಹೇಳಿದಳು. "ಬರೋದೇ ಬೇಡ ಅಂತ ಆಗಲೇ ಹೇಳಿ ಕಳಿಸಿದೆ."