ಗರಿ ಉದುರಿಸಿ ಅಂಗಡಿ ಮುಚ್ಚಿದ ಕೆಂಪು ಹೇಂಟೆಗೆ

ನಮ್ಮ ಮನೆಯ ಬುಟ್ಟಿಯಲ್ಲಿ ವಿರಾಜಮಾನರಾದ, ಮೈಮೇಲೆ ನೆಟ್ಟಗಿನ ಒಂದು ಗರಿಯಿಲ್ಲದಿದ್ದರೂ ಗತ್ತು ಬಿಡದ ಮಾನ್ಯ ಕೆಂಪು ಹೇಂಟೆಯವರೇ,

ತುರೋರಿ ಊರಿನ ಕುರಿ ಕಾಯುವ ಮಲ್ಲಣ್ಣನ ಸಲಾಮು. ರಜೆಯ ಅರ್ಜಿ ಕೊಡದೆ ತಾವು ತತ್ತಿ ನಿಲ್ಲಿಸಿದ್ದರಿಂದ ನನಗಾದ ಫಜೀತಿಯನ್ನು ಊರೆಲ್ಲ ಕೇಳುವಂತೆ ಅರಿಕೆ ಮಾಡುತ್ತೇನೆ.

ನಿಜಾಮ್ ಸರಕಾರದ ಕಂದಾಯ ನೋಡಿಕೊಳ್ಳುವ ಗಿರ್ದಾವರ ಸಾಹೇಬರು ಹೊಲ ನೋಡಲು ಬಂದು ಡೇರೆ ಹೂಡಿದಾಗ, ಅವರ ನಾಷ್ಟಾಕ್ಕೆ ತತ್ತಿ ಒದಗಿಸುವುದು ಕೋಳಿ ಸಾಕಿದವರ ಪಾಲಿಗೆ ಹಿಂದಿನಿಂದ ಬಂದ ಸೇವೆಯೆಂಬುದು ತಮಗೆ ಗೊತ್ತಿಲ್ಲದ್ದೇನಲ್ಲ. ಅಂಥ ಶುಭಗಳಿಗೆಯನ್ನೇ ಆರಿಸಿ ತಾವೂ ತಮ್ಮ ಕರಿಯ ತಂಗಿಯೂ ಗರಿಗಳನ್ನು ಅಂಗಳದ ತುಂಬ ಚೆಲ್ಲಿ ಕುಳಿತಿರಿ. ತತ್ತಿಗೆ ಬಂದ ಚಪರಾಸಿ, ಕೋಳಿಗೆ ರೋಗವೆಂದು ತೋರಿಸಲು ನಾವೇ ಗರಿ ಕಿತ್ತು, ತತ್ತಿ ಬಚ್ಚಿಟ್ಟಿದ್ದೇವೆಂದು ತೀರ್ಮಾನಿಸಿ, "ಸರಕಾರದ ಕಣ್ಣಾಗ ಮಣ್ಣ ಹಾಕ್ತಿಯೇನೋ ಮಲ್ಲ್ಯಾ?" ಎನ್ನುತ್ತ ಜೋಳ ತುಂಬಿಟ್ಟ ಗುಮ್ಮಿಯವರೆಗೂ ಕೈಯಾಡಿಸಿದ. "ಕೋಳಿ ಪುಚ್ಚ ಕಿತ್ತಿ ನಾ ಏನ್ ಗಾದಿ ಹೊಲೀಲೇನ್ರೀ?" ಎಂದು ನನ್ನ ಹೆಂಡತಿ ಮಾಳವ್ವ ಕೇಳಿದ್ದು ಆಕೆಯ ತಪ್ಪಲ್ಲ, ತಮ್ಮದು.

ಕೊನೆಗೆ ತಮ್ಮ ತಂಗಿಯನ್ನು ಡೇರೆಗೆ ಒಯ್ದು, ಅಡಿಗೆಯವನ ಚೂರಿಯಿಂದ ಸಾಕ್ಷಿ ಹೇಳಿಸಿದರು. ಹೊಟ್ಟೆ ಸೀಳಿ ನೋಡಿದರೆ, ತತ್ತಿ ಇಡುವ ದಿನಗಳಲ್ಲಿ ಹೆಬ್ಬೆರಳ ದಪ್ಪವಿರುವ ತತ್ತಿಯ ಒಳನಾಳ ಒಣಗಿದ ಲಾಡಿಯಂತೆ ಸೊರಗಿತ್ತು. ಹಳದಿ ಉಂಡೆಗಳ ಗೊಂಚಲು ಸಾಸಿವೆ ಕಾಳಾಗಿತ್ತು. ಹೊಸ ಗರಿ ಹುಟ್ಟಿಸಲು ಹೊಟ್ಟೆಯೊಳಗಿನ ಕಾರ್ಖಾನೆಯನ್ನೇ ಮಡಚಿಡುವ ತಮ್ಮ ಕುಲದ ಜಾಣತನ ಯಾವ ದಿವಾನರಿಗೂ ಬಂದಿಲ್ಲ. ಸಾಹೇಬರು ಇಣುಕಿ ನೋಡಿ, "ಬೇಕಸೂರ್, ಇದರದೇನೂ ತಪ್ಪಿಲ್ಲ" ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಮಸಾಲೆ ಅರೆದಾಗಿತ್ತು.

ತಂಗಿಯ ಸಾಕ್ಷಿ ತಂಗಿಗಷ್ಟೇ ಸಲ್ಲುತ್ತದಂತೆ. ಡೇರೆಯನ್ನು ಇಲ್ಲೇ ಬಿಟ್ಟು ಉಮರ್ಗಾಕ್ಕೆ ಹೋದ ಸಾಹೇಬರು ಮರಳಿದಾಗ ತಮ್ಮ ಹೊಟ್ಟೆಯನ್ನೂ ವಿಚಾರಿಸುತ್ತಾರಂತೆ. ತಾವು ತತ್ತಿ ಇಡದಿದ್ದರೆ ಚೂರಿ ತಮಗೆ. ಇಟ್ಟರೆ, ಇಷ್ಟು ದಿನ ಎಲ್ಲಿತ್ತೆಂದು ಚಾಬೂಕು ನನಗೆ. ಆದಕಾರಣ ದಯಮಾಡಿ ಇಡಲೂಬೇಡಿ, ಇಡದೆ ಇರಲೂಬೇಡಿ. ಇಲ್ಲವೇ ಹೊಸ ಗರಿಗಳ ಜೊತೆಗೆ ಹೊಟ್ಟೆಗೊಂದು ಕಿಟಕಿಯನ್ನೂ ಬೆಳೆಸಿಕೊಳ್ಳಿ, ಸರಕಾರ ಇಣುಕಿ ಹೋಗಲಿ.

ತತ್ತಿ ಕೊಟ್ಟರೂ ಕೊಡದಿದ್ದರೂ
ತಮ್ಮ ವಿಶ್ವಾಸಿ,
ಮಲ್ಲಣ್ಣ

ತಾ.ಕ.: ಮಾಳವ್ವ ತಮ್ಮನ್ನು ಕಂಬಳಿಯಲ್ಲಿ ಸುತ್ತಿ ಮಾಕಣಿಯ ತವರಿಗೆ ಒಯ್ಯಲು ಹೊರಟಿದ್ದಾಳೆ, ದಾರಿ ಇರುವುದು ಡೇರೆಯ ಮುಂದೆಯೇ. ತಮ್ಮ ಜುಟ್ಟು ಕೆಂಪೇರುತ್ತಿದೆ, ಅಂದರೆ ತತ್ತಿ ದೂರವಿಲ್ಲ. ತತ್ತಿ ಬಂದರೆ ಕಂಬಳಿಯಲ್ಲೇ ಇಡಿ, ಆದರೆ ಕೂಗಿ ಸಾರಬೇಡಿ. ಏನೂ ಇಡದೆಯೇ ಕೂಗುವ ಹಕ್ಕು ಸದ್ಯ ಸಾಹೇಬರದು.