ಇಂಟರ್ವಲ್ ಆದಮೇಲೆ

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಹುಲುಗಪ್ಪನಿಗೆ ಒಂದು ಹಳೇ ಪಿಕ್ಚರ್ ಮೇಲೆ ಅಖಂಡ ಭಕ್ತಿ. ಘಟ್ಟದ ರಸ್ತೆಯ ಬಸ್ ಡ್ರೈವರನೊಬ್ಬ ಟೀಚರಮ್ಮನನ್ನು ಪ್ರೀತಿಸುವ ಕಥೆ. ಇಪ್ಪತ್ತು ಸಲ ನೋಡಿದ್ದೇನೆಂದು ಸಾರಿಕೊಂಡು ತಿರುಗುತ್ತಿದ್ದ. ಹೊಲಿಯುವವರಿಗೆ, ಗುಂಡಿ ಹಚ್ಚುವವರಿಗೆ, ಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅದೇ ಉಪದೇಶ: "ಒಮ್ಮೆ ನೋಡ್ರಿ, ನಕ್ಕು ನಕ್ಕು ಮನಸು ಹಗುರಾಗತೈತಿ."

ಹೆಂಡತಿ ದುರುಗಕ್ಕನ ಎಡಗಣ್ಣನ್ನು ಸಕ್ಕರೆ ಕಾಯಿಲೆ ಹೋದ ವರ್ಷವೇ ನುಂಗಿತ್ತು. ಈಗ ಬಲಗಣ್ಣಿನೊಳಗೂ ರಕ್ತ ಸೋರಿ ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಕಣ್ಣೊಳಗೆ ಗಾಳಿಗುಳ್ಳೆ ಬಿಟ್ಟು, "ಹತ್ತು ದಿನ ಬೋರಲು ಮಲಗಬೇಕು. ಮೇಲಕ್ಕೆ ತಿರುಗಿದರೆ ಕಣ್ಣಿನ ಆಸೆ ಬಿಡಿ" ಎಂದರು. (ಮೂವತ್ತು ವರ್ಷದ ಸಂಸಾರದಲ್ಲಿ ಹುಲುಗಪ್ಪ ಒಲೆಯ ಮೇಲೆ ಅಕ್ಕಿ ಇಟ್ಟದ್ದು ಆ ಹತ್ತು ದಿನ ಮಾತ್ರ. ಇಳಿಸಿದ್ದನ್ನು ಅನ್ನ ಎನ್ನಲು ಧೈರ್ಯ ಬೇಕಿತ್ತು.)

ಮೂರನೇ ದಿನ ದುರುಗಕ್ಕ ದಿಂಬಿನೊಳಗಿಂದಲೇ ಕೇಳಿದಳು. "ಕಣ್ಣು ಬರದಿದ್ರ ನನ್ನ ಗತಿ ಏನ್ರಿ?"

ಹುಲುಗಪ್ಪನಿಗೆ ಒಂದು ಮಹೋಪಾಯ ಹೊಳೆಯಿತು. "ನಮ್ಮ ಪಿಕ್ಚರ್ ಹಾಕ್ತೀನಿ. ನೀ ಕೇಳು, ನಾ ನೋಡಿ ಹೇಳ್ತೀನಿ."

ಇಂಟರ್ವಲ್ ತನಕ ಅವನ ವರ್ಣನೆ ಅಮೋಘವಾಗಿ ನಡೆಯಿತು. ಆಮೇಲೆ ನಾಲಿಗೆ ತಡವರಿಸಿತು.

"ಈಗ ಏನಾತ್ರಿ?"

"ಯಾರೋ ಒಬ್ಬ ಮುದುಕ ಬಂದಾನ. ಯಾರಂತ ತಿಳೀವಲ್ದು."

"ಟೀಚರಮ್ಮನ ಅಪ್ಪ. ಇನ್ನ ಆಕಿ ಸಿಟ್ಟಿಗೆದ್ದು ಡ್ರೈವರನ ಬಸ್ಸೇ ಹತ್ತತಾಳ."

"ನಿನಗ ಹೆಂಗ ಗೊತ್ತು?"

"ಇಪ್ಪತ್ತು ಸಲಾನೂ ಇಂಟರ್ವಲ್ ಆದ ಕೂಡ್ಲೆ ನೀವು ಗೊರಕಿ ಹೊಡದೀರಿ. ನಾ ಎದ್ದಿದ್ದೆ."

ವಾದಕ್ಕೆಂದು ಹುಲುಗಪ್ಪ ಬಾಯಿ ತೆರೆದ. ಅಷ್ಟರಲ್ಲಿ ಟೀವಿಯಲ್ಲಿ ಬಸ್ಸಿನ ಬ್ರೇಕ್ ಹೋಯಿತು. ಬಸ್ಸು ಕಣಿವೆಗೆ ಉರುಳಿತು. ಟೀಚರಮ್ಮ ಸತ್ತಳು. ದಪ್ಪ ಬಟ್ಟೆಯ ಥಾನುಗಳನ್ನು ಸರಸರ ಕತ್ತರಿಸುವ ಅವನ ಕೈ ರಿಮೋಟಿನ ಗುಂಡಿ ತಡಕಿ ಸದ್ದು ತಗ್ಗಿಸಿತು.

"ಏನಾತ್ರಿ?"

"ಏನಿಲ್ಲ. ಬಸ್ ನಿಂತಿತು. ಇಬ್ರೂ ಮದಿವಿ ಆದ್ರು."

"ಮತ್ತ ಯಾಕ ಅಳಾಕತ್ತೀರಿ?"

ಹುಲುಗಪ್ಪ ಕಣ್ಣು ಒರೆಸಿಕೊಂಡು, "ನಮ್ಮ ಕಾರ್ಖಾನಿ ತಿಪ್ಪೇಸ್ವಾಮಿ ಹೆಂಡ್ತಿ ಸತ್ತ ವಾರಕ್ಕ ಅವನಿಗೆ ನಾನೇ ಹೇಳಿ ಬಂದಿದ್ದೆ. ಈ ಪಿಕ್ಚರ್ ನೋಡು, ನಗು ಬರತೈತಿ ಅಂತ" ಎಂದ.

"ಅದಕ್ಕ ಅವರು ಆಮ್ಯಾಗ ನಮ್ಮ ಮನಿ ಕಡೆ ಹಾಯ್ದಿಲ್ಲ."

ದಿಂಬು ಅಲುಗಿತು. ಅದು ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. "ಅಲುಗಾಡಬ್ಯಾಡ, ಕಣ್ಣು" ಎಂದಷ್ಟೇ ಹೇಳಿದ.

ಹತ್ತು ದಿನದ ಮೇಲೆ ಡಾಕ್ಟರು ನೋಡಿದರು. ದುರುಗಕ್ಕನಿಗೆ ಬೆಳಕು ಕಂಡಿತು, ಎದುರು ನಿಂತವರ ಆಕಾರ ಕಂಡಿತು. ಮುಖ ಕಾಣಲಿಲ್ಲ. ಇನ್ನು ಇಷ್ಟೇ ಎಂದರು. ಮನೆಗೆ ಬಂದವಳೇ ದುರುಗಕ್ಕ ಟೀವಿ ಮುಂದೆ ಕೂತು, "ಅದನ್ನೇ ಹಾಕ್ರಿ" ಎಂದಳು.

ಹಾಕಿದ. ಕಂಡದ್ದೆಲ್ಲ ಹೇಳಿದ. ಇಂಟರ್ವಲ್ ಬಂದದ್ದೇ ತಡ, ಹಾಲು ತರುವ ನೆಪ ಹೇಳಿ ಎದ್ದ. ದುರುಗಕ್ಕನ ಕೈ ಗಾಳಿಯಲ್ಲಿ ತಡಕಾಡಿ ಅವನ ಲುಂಗಿಯ ಅಂಚು ಹಿಡಿಯಿತು.

"ಕುಂದರ್ರಿ. ಆಕಿ ಸಾಯೋದನ್ನ ಇಪ್ಪತ್ತು ಸಲ ನಾ ಒಬ್ಬಾಕಿನ ನೋಡೀನಿ."

ಹುಲುಗಪ್ಪ ಕೂತ. ಅಷ್ಟೂ ಸಲ ಕರೆಯದೇ ಬಂದಿದ್ದ ನಿದ್ದೆ, ಅವತ್ತು ಕಣ್ಣು ಮುಚ್ಚಿ ಬೇಡಿಕೊಂಡರೂ ಬರಲಿಲ್ಲ.