ಸೀಮೆಹಸುವಿನ ಮೇಲೆ ನಾನು ಮಾಡಿದ ಸಂಶೋಧನೆ

ಓದದವರನ್ನು ಹೆದರಿಸಲು ಒಂದು ದೆವ್ವವಾದರೂ ಬೇಕು. ಓದಿದವರಿಗೆ ಪೇಪರಿನ ಒಂದು ಮೂಲೆ ಸಾಕು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು, ಎರಡಕ್ಕೂ ಅಷ್ಟಾಗಿ ಹೆದರುವುದಿಲ್ಲ. ನನ್ನ ಮಗ ಮಂಜ ಹಾಗಲ್ಲ. ಬಿ.ಎಸ್ಸಿ. ಮಾಡಿದ್ದಾನೆ, ಹಿರೀಸಾವೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಇಲ್ಲದಾಗ ಪೇಪರು ಓದುತ್ತಾನೆ. ಗಿರಾಕಿ ಬಂದಾಗಲೂ ಓದುತ್ತಾನೆ, ಅದಕ್ಕೇ ಗಿರಾಕಿ ಕಡಿಮೆ.

ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿ ದಡಾರದ ಸೂಜಿ ಹಾಕಿಸಬೇಕಾದ ವಾರವೇ ಅವನು ಪೇಪರಿನ ತುಂಡೊಂದನ್ನು ಜೇಬಿನಲ್ಲಿ ಮಡಚಿಕೊಂಡು ಬಂದ. ಯಾವುದೋ ದೇಶದ ಡಾಕ್ಟರು ಇಂಥ ಸೂಜಿಯಿಂದ ಮಕ್ಕಳ ಬುದ್ಧಿಗೆ ಕೆಡುಕು ಅಂದನಂತೆ. ಮಿಕ್ಕ ಡಾಕ್ಟರುಗಳೆಲ್ಲ ಅವನ ಲೆಕ್ಕವೇ ಸರಿಯಿಲ್ಲ ಅಂದರಂತೆ.

"ಯಾರ್ದ್ಲಾ ನಿಜ?" ಅಂದೆ.

"ಇನ್ನೂ ತೀರ್ಮಾನ ಆಗಿಲ್ಲ ಕಣವ್ವ. ಆಗೋವರ್ಗೂ ಬ್ಯಾಡ."

"ನಿನ್ ತೀರ್ಮಾನ ಆಗೋವರ್ಗೂ ದಡಾರ ಬಸ್‌ಸ್ಟಾಂಡಲ್ಲಿ ಕಾಯ್ತಾ ಕುಂತಿರ್ತದೇನ್ಲಾ?"

ಪಕ್ಕದೂರಿನಲ್ಲಿ ಆಗಲೇ ದಡಾರ ಬಂದು ಮೂರು ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಮಂಜನಿಗಿಂತ ಮೊದಲು ಹುಟ್ಟಿದ ನನ್ನ ಹೆಣ್ಣುಮಗು ದಡಾರದಲ್ಲೇ ಹೋಯಿತು. ನಾನೂ ಸೊಪ್ಪು ಸಿಕ್ಕಿಸಿದ್ದೆ, ಹರಕೆ ಹೊತ್ತಿದ್ದೆ. ಅದನ್ನು ಯಾವ ಪೇಪರಿನವನೂ ಬರೆಯಲಿಲ್ಲ.

ಅಲ್ಲಿಗೇ ನಾನು ಗೆಲ್ಲಬೇಕಿತ್ತು. ಆದರೆ ಹಿಂದಿನ ವಾರವಷ್ಟೇ ದನದ ಡಾಕ್ಟರು ಕಾಲುಬಾಯಿ ರೋಗದ ಸೂಜಿ ಹಿಡಿದು ಬಂದಾಗ, ಮಂಜ ಹಾಕಿಸು ಅಂದರೂ ಕೇಳದೆ ನನ್ನ ಸೀಮೆಹಸು ರಾಣಿಯನ್ನು ಹಿತ್ತಿಲಿನಿಂದ ಹೊಡೆದುಕೊಂಡು ಹೋಗಿ ತಂಗಿಯ ಹೊಲದಲ್ಲಿ ಕಟ್ಟಿದ್ದೆ. ಸೂಜಿ ಬಿದ್ದರೆ ಹಾಲು ಬತ್ತುತ್ತದೆ ಎಂದು ಡೈರಿ ಸಾಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಡೈರಿ ಸಾಲು ನಮಗೆ ಪೇಪರಿದ್ದ ಹಾಗೆ. ಬೆಳಿಗ್ಗೆ ಒಂದು, ಸಂಜೆ ಒಂದು.

"ಹಸ ಬಚ್ಚಿಟ್ಟೋಳು ನಂಗೆ ಬುದ್ಧಿ ಯೋಳ್ತೀಯಾ?" ಅಂದ ಮಂಜ.

"ಹಸಕ್ಕೆ ಬೇಕು, ಮಗೀಗೆ ಬ್ಯಾಡ ಅನ್ನೋನು ನೀನು!"

ಸೊಸೆ ಸವಿತಾ ರೊಟ್ಟಿ ತಟ್ಟುತ್ತಿದ್ದವಳು ತಿರುಗಿಯೂ ನೋಡದೆ ಅಂದಳು: "ಇಬ್ರಿಗೂ ಅರ್ಧರ್ಧ ಬುದ್ಧಿ ಐತೆ ಕಣತ್ತೆ. ಎರಡೂ ಸೇರ್ಸಿ, ಎರಡ್ಕೂ ಹಾಕ್ಸಿ."

ಗುರುವಾರ ಅಂಗನವಾಡಿಗೆ ನರ್ಸಮ್ಮ ಬಂದಳು. ಸವಿತಾ ಹೇಳಿದಂತೆ ಬೆಳಿಗ್ಗೆ ಮಗುವಿಗೆ, ಮಧ್ಯಾಹ್ನ ದನದ ಆಸ್ಪತ್ರೆಯಲ್ಲಿ ರಾಣಿಗೆ ಸೂಜಿ ಬಿತ್ತು. ಮಗುವಿಗೆ ಮೈ ಸ್ವಲ್ಪ ಬಿಸಿಯಾಯಿತು, ಇಳಿಯಿತು. ಮಂಜ ಅಂಗಡಿ ಮುಚ್ಚಿ ಪಕ್ಕದಲ್ಲೇ ಕೂತು, ಬುದ್ಧಿ ನೆಟ್ಟಗಿದೆಯೋ ಇಲ್ಲವೋ ನೋಡಲು ಗಂಟೆಗೊಮ್ಮೆ "ಕಾಗೆ ಎಲ್ಲವ್ವ?" ಎಂದು ಕೇಳುತ್ತಿದ್ದ. ಅದು ಗಂಟೆಗೊಮ್ಮೆ ಸೂರು ನೋಡಿ, ಆಮೇಲೆ ಇವನ ಬುದ್ಧಿಯ ಮೇಲೇ ಅನುಮಾನ ಬಂದಂತೆ ಇವನನ್ನು ನೋಡುತ್ತಿತ್ತು.

ರಾಣಿಯ ಹಾಲು ಎರಡು ದಿನ ಕೊಂಚ ಇಳಿದರೂ ಇಳಿಯಬಹುದು, ಆಮೇಲೆ ಸರಿಹೋಗುತ್ತದೆ ಎಂದಿದ್ದರು ಡಾಕ್ಟರು. ಐದನೇ ದಿನವೂ ಅರ್ಧಕ್ಕರ್ಧ! ನನಗೆ ಹಾಲು ಹೋದ ಸಂಕಟಕ್ಕಿಂತ ಗೆದ್ದ ಖುಷಿಯೇ ಜಾಸ್ತಿ. "ನೋಡ್ರವ್ವ, ನಾನ್ ಯೋಳ್ಲಿಲ್ವಾ?" ಎಂದು ಡೈರಿ ಸಾಲಿನಲ್ಲಿ ಕ್ಯಾನು ಬಗ್ಗಿಸಿ ತೋರಿಸಿದೆ. ಹಿಂದೆ ನಿಂತಿದ್ದ ನಮ್ಮ ಬೀದಿಯ ನಿಂಗಮ್ಮ, ಜಯಮ್ಮ ಮುಖ ಮುಖ ನೋಡಿಕೊಂಡರು. "ಹಸಕ್ಕೇ ಇಂಗಾದ್ರೆ ಮಕ್ಳ ಗತಿ ಏನಕ್ಕಾ? ನಮ್ ಕೂಸ್ಗಳ್ಗೆ ಬ್ಯಾಡ ಬುಡು." ನಾನು ಹೇಳಿದ್ದು ಹಸುವಿನ ವಿಷಯ, ಅದು ಮಕ್ಕಳ ತನಕ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು?

ಮನೆಗೆ ಬಂದರೆ ಸವಿತಾ ಕೊಟ್ಟಿಗೆಯಲ್ಲಿ ನಿಂತಿದ್ದಳು. "ಅತ್ತೆ, ಹಿಂಡಿ ಬೂಸ ಮೂಟೆ ಬಿಚ್ಚೇ ಇಲ್ವಲ್ಲ?"

"ಸೂಜಿ ಬಿದ್ದ ಜೀವ ಕಣವ್ವ, ಅರಗಲ್ಲ. ಐದು ದಿನದಿಂದ ಬರೀ ಉಲ್ಲು ಆಕ್ತಿವ್ನಿ."

"ಹಂಗಾದ್ರೆ ಹಾಲು ಇಳ್ಸಿದ್ದು ಸೂಜಿನೋ, ನೀವೋ?"

ಅವತ್ತೇ ಹಿಂಡಿ ಬೂಸದ ಮೂಟೆ ಬಿಚ್ಚಿದೆ. ಮೂರು ದಿನಕ್ಕೆ ರಾಣಿ ಮೊದಲಿನಂತೆ ಕ್ಯಾನು ತುಂಬಿಸಿದಳು.

ಅದಾದ ಮುಂದಿನ ಗುರುವಾರ ನಿಂಗಮ್ಮ, ಜಯಮ್ಮ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದು, ಎರಡು ಕೂಸನ್ನೂ ನಾನೇ ಎತ್ತಿಕೊಂಡು ಹೋಗಿ ಸೂಜಿ ಹಾಕಿಸಿದೆ. ಹಸುಗಳ ವಿಷಯಕ್ಕೆ ಮಾತ್ರ ಅವರು ಜಗ್ಗಲಿಲ್ಲ. ತಪ್ಪು ನಂದೇ, ಹಿಂಡಿ ಹಾಕಿರಲಿಲ್ಲ ಅಂದರೆ, "ಬುಡಕ್ಕಾ, ದನದ ಡಾಕ್ಟ್ರು ನಿಂಗೆ ಚೆನ್ನಾಗ್ ಯೋಳ್ಕೊಟ್ಟವ್ರೆ" ಅಂತಾರೆ. ಈಗ ದಿನಾ ತುಂಬಿದ ಕ್ಯಾನನ್ನು ಮೊದಲು ಅವರ ಬಾಗಿಲಿಗೆ ಹೊತ್ತು ತೋರಿಸಿ, ಆಮೇಲೆ ಡೈರಿಗೆ ಹೋಗುತ್ತೇನೆ. ಆ ಹಾಲಿಗೆ ನಾನು ನೀರು ಬೆರೆಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರಂತೆ.